ಒಂದೇ ಬುಟ್ಟಿ ಹೆಣಿಗೆ, ಮೂರು ಅಳತೆಯ ಹೊದಿಕೆ: ಕುಣಿಕೆಗಳ ಲೆಕ್ಕ ಹೇಗೆ?

ಪ್ರಶ್ನೆ: ಕಾಫಿಹೂವು, ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ಕಕ್ಕಡದ ಮಳೆಗೆ ತೋಟದ ಕೆಲಸ ನಿಂತಿರುವ ಈ ದಿನಗಳಲ್ಲಿ, ಹಲವು ವರ್ಷಗಳಿಂದ ಪೆಟ್ಟಿಗೆಯಲ್ಲಿದ್ದ ಹೆಣಿಗೆಯ ಕಡ್ಡಿಗಳನ್ನು ಮತ್ತೆ ಹೊರತೆಗೆದಿದ್ದೇನೆ. ಅಕ್ಕನಿಗೆ ಹುತ್ತರಿಯ ಹೊತ್ತಿಗೆ ಹೆರಿಗೆಯಾಗಲಿದೆ. ಆ ಮಗುವಿಗೆ 75 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದದ ಒಂದು ಹೊದಿಕೆ, ಬೆಳಗಿನ ಚಳಿಯಲ್ಲಿ ಜಗಲಿಯ ಮೇಲೆ ಕುಳಿತುಕೊಳ್ಳುವ ಅಜ್ಜನ ಮಂಡಿಗೆ 90ಕ್ಕೆ 120ರದ್ದು ಒಂದು, ಕೈ ಮುಂದುವರಿದರೆ ಒಬ್ಬರು ಮಲಗುವ ಮಂಚಕ್ಕೆ 150ಕ್ಕೆ 200ರದ್ದು ಇನ್ನೊಂದು, ಹೀಗೆ ಮೂರನ್ನು ಹೆಣೆಯುವ ಆಸೆ ನನ್ನದು. ಮೂರಕ್ಕೂ ಒಂದೇ ವಿನ್ಯಾಸವಿರಲಿ ಎಂದು ನಾಲ್ಕು ಸೀದಾ, ನಾಲ್ಕು ಉಲ್ಟಾ ಕುಣಿಕೆಗಳ ಚೌಕಗಳು ಅದಲುಬದಲಾಗುತ್ತ ಹೋಗುವ ಬುಟ್ಟಿ ಹೆಣಿಗೆಯನ್ನು ಆರಿಸಿಕೊಂಡೆ.

ನನ್ನ ಕೈಯಲ್ಲಿದ್ದದ್ದು ಅಮೆರಿಕದ ಒಂದು ಮಾದರಿ. 8 ನಂಬರಿನ ಕಡ್ಡಿಯಲ್ಲಿ 132 ಕುಣಿಕೆ ಹಾಕಿದರೆ ಸುಮಾರು 73 ಸೆಂಟಿಮೀಟರ್ ಅಗಲ ಬರುತ್ತದೆ ಎಂದು ಅದರಲ್ಲಿತ್ತು. ಪೇಟೆಯಿಂದ 8 ನಂಬರಿನ ಕಡ್ಡಿಯನ್ನೇ ತಂದು, ಎಣಿಕೆ ತಪ್ಪದಂತೆ 132 ಕುಣಿಕೆಗಳನ್ನೇ ಹಾಕಿ ಒಂದು ಗೇಣು ಹೆಣೆದ ಮೇಲೆ ಅಳೆದು ನೋಡಿದರೆ ಅಗಲ 60 ಸೆಂಟಿಮೀಟರ್ ಮಾತ್ರವಿದೆ, ಬಟ್ಟೆಯೂ ಕಾಲೊರಸಿನಂತೆ ಗಟ್ಟಿಯಾಗಿದೆ. ನಾನು ಎಡವಿದ್ದು ಎಲ್ಲಿ? ಮೂರು ಅಳತೆಗೂ ಕುಣಿಕೆಗಳನ್ನು ನಾನೇ ಲೆಕ್ಕ ಹಾಕುವ ದಾರಿಯಿದೆಯೇ? ಉಣ್ಣೆ ಎಷ್ಟು ಬೇಕಾಗಬಹುದು? ಮಗುವಿನ ಹೊದಿಕೆಗೆ ಮೂರು ಉಂಡೆ ಸಾಕಾದರೆ ಮಂಚದ್ದಕ್ಕೆ ಆರು ಸಾಕೆಂದು ಅಂದಾಜಿಸಿದ್ದೇನೆ.

ಉತ್ತರ: ಎಣಿಸಿ ಹೆಣೆಯುವವರು, ಮಡಿಕೇರಿ

ನಿಮ್ಮ ಕೈ ಎಡವಿಲ್ಲ, ಕಡ್ಡಿಯ ನಂಬರು ಎಡವಿಸಿದೆ. ನಮ್ಮ ಅಂಗಡಿಗಳಲ್ಲಿ ಇಂದಿಗೂ ನಡೆಯುತ್ತಿರುವುದು ಬ್ರಿಟಿಷರ ಹಳೆಯ ನಂಬರು. ಅದರಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ಸಣ್ಣದಾಗುತ್ತದೆ. ಅಮೆರಿಕದ ಕ್ರಮ ಇದಕ್ಕೆ ತದ್ವಿರುದ್ಧವಾದುದು. ನಮ್ಮ 8 ನಂಬರು ಎಂದರೆ 4 ಮಿಲಿಮೀಟರ್, ಅಮೆರಿಕದ 8 ನಂಬರು ಎಂದರೆ 5 ಮಿಲಿಮೀಟರ್, ಮತ್ತು ಆ 5 ಮಿಲಿಮೀಟರ್ ಕಡ್ಡಿಗೆ ನಮ್ಮಲ್ಲಿ 6 ನಂಬರು ಎನ್ನುತ್ತಾರೆ. ನಿಮ್ಮ ಅಂಕಿಗಳೇ ಇದನ್ನು ಹೇಳುತ್ತಿವೆ: 132 ಕುಣಿಕೆಗೆ 60 ಸೆಂಟಿಮೀಟರ್ ಬಂದಿದ್ದರೆ 10 ಸೆಂಟಿಮೀಟರಿಗೆ 22 ಕುಣಿಕೆಯಾಯಿತು, ಮಾದರಿಯವರ ಕೈಯಲ್ಲಿ ಅದು 18 ಇದ್ದಿರಬೇಕು. ಇನ್ನು ಮುಂದೆ ನಂಬರನ್ನು ಮರೆತು, ಕಡ್ಡಿಯ ತಲೆಯ ಮೇಲೆ ಅಚ್ಚಾಗಿರುವ ಮಿಲಿಮೀಟರನ್ನೇ ನೋಡಿ ಕೊಳ್ಳಿ.

ಕಡ್ಡಿ ಬದಲಿಸಿದ ಕೂಡಲೇ ಹೊದಿಕೆಗೆ ಕೈ ಹಾಕಬೇಡಿ. ಬುಟ್ಟಿ ಹೆಣಿಗೆಯಲ್ಲೇ 20 ಸೆಂಟಿಮೀಟರ್ ಚೌಕದ ಒಂದು ತುಂಡನ್ನು ಹೆಣೆದು, ಹೊದಿಕೆಯನ್ನು ಹೇಗೆ ಒಗೆಯುವಿರೋ ಹಾಗೆಯೇ ಒಗೆದು, ಒಣಗಿದ ಮೇಲೆ ನಡುವಿನ 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆಗಳಿವೆ ಎಂದು ಎಣಿಸಿ. ಅಂಚಿನ ಕುಣಿಕೆಗಳು ಸದಾ ಸುಳ್ಳು ಹೇಳುತ್ತವೆ, ಅವುಗಳನ್ನು ನಂಬಬೇಡಿ. ಬರೀ ಸೀದಾ ಹೆಣಿಗೆಯ ತುಂಡನ್ನು ಅಳೆದರೂ ಪ್ರಯೋಜನವಿಲ್ಲ, ಏಕೆಂದರೆ ಸೀದಾ ಮತ್ತು ಉಲ್ಟಾ ಪಕ್ಕಪಕ್ಕದಲ್ಲಿದ್ದಾಗ ಬಟ್ಟೆ ಬೇರೆ ರೀತಿಯಲ್ಲಿ ಕುಗ್ಗುತ್ತದೆ.

ಎಣಿಕೆಯಾದ ಮೇಲೆ ಉಳಿಯುವುದು ಗುಣಾಕಾರ. 10 ಸೆಂಟಿಮೀಟರಿಗೆ 18 ಬಂದರೆ ಒಂದಕ್ಕೆ 1.8. ಬೇಕಾದ ಅಗಲವನ್ನು ಅದರಿಂದ ಗುಣಿಸಿ, ಎಂಟರಿಂದ ಭಾಗಿಸಿದಾಗ ನಾಲ್ಕು ಉಳಿಯುವ ಹತ್ತಿರದ ಸಂಖ್ಯೆಗೆ ಸರಿಸಿಕೊಳ್ಳಿ. ಎಂಟು ಏಕೆಂದರೆ ನಾಲ್ಕು ಸೀದಾ, ನಾಲ್ಕು ಉಲ್ಟಾ ಸೇರಿ ಒಂದು ಸುತ್ತು. ಉಳಿಕೆಯ ನಾಲ್ಕು ಏಕೆಂದರೆ ಸಾಲಿನ ಎರಡೂ ತುದಿಗಳಲ್ಲಿ ಒಂದೇ ಬಗೆಯ ಚೌಕ ಬರಬೇಕು. ಎಡಬಲಗಳ ನಾಲ್ಕು ನಾಲ್ಕು ಅಂಚಿನ ಕುಣಿಕೆಗಳು ಸೇರಿ ಎಂಟೇ ಆಗುವುದರಿಂದ ಅವು ಈ ಲೆಕ್ಕವನ್ನು ಕೆಡಿಸುವುದಿಲ್ಲ. ಹಾಗಾಗಿ 75 ಸೆಂಟಿಮೀಟರಿಗೆ 135 ಬಂದರೆ 132 ಹಾಕಿ, 90ಕ್ಕೆ 162 ಬಂದರೆ 164, 150ಕ್ಕೆ 270 ಬಂದರೆ 268.

ಇನ್ನು ಹೆಣಿಗೆ. ಕೆಳಗಡೆ ಎಂಟು ಸಾಲು ಪೂರ್ತಿ ಸೀದಾ ಹೆಣೆದು ಅಂಚು ಮಾಡಿಕೊಂಡ ಮೇಲೆ ನೆನಪಿಡಬೇಕಾದದ್ದು ಎರಡೇ ಸಾಲುಗಳು. ಮೊದಲನೆಯದರಲ್ಲಿ ಅಂಚಿನ ನಾಲ್ಕು ಸೀದಾ ಆದ ಮೇಲೆ ನಾಲ್ಕು ಸೀದಾ, ನಾಲ್ಕು ಉಲ್ಟಾ ಎಂದು ಸಾಗಿ, ಕೊನೆಯ ಚೌಕವನ್ನು ನಾಲ್ಕು ಸೀದಾದಿಂದ ಮುಗಿಸಿ, ಮತ್ತೆ ಅಂಚಿನ ನಾಲ್ಕನ್ನು ಸೀದಾ ಹೆಣೆಯಬೇಕು. ಎರಡನೆಯದರಲ್ಲಿ ಅಂಚುಗಳು ಹಾಗೆಯೇ ಇದ್ದು, ನಡುವಿನದು ಮಾತ್ರ ಉಲ್ಟಾದಿಂದ ಆರಂಭವಾಗಿ ಉಲ್ಟಾದಿಂದ ಮುಗಿಯುತ್ತದೆ. ಇವೆರಡನ್ನೂ ಒಂದಾದ ಮೇಲೊಂದರಂತೆ ಆರು ಸಾಲು ಹೆಣೆದರೆ ಒಂದು ಪಟ್ಟಿ ಚೌಕಗಳು ಮೂಡುತ್ತವೆ. ಚೌಕಗಳು ಅದಲುಬದಲಾಗಬೇಕಾದಾಗ ಹೊಸದೇನನ್ನೂ ಕಲಿಯಬೇಕಿಲ್ಲ: ಆರನೆಯ ಸಾಲಾಗಿ ಯಾವುದನ್ನು ಹೆಣೆದಿರೋ ಅದನ್ನೇ ಏಳನೆಯದಾಗಿ ಇನ್ನೊಮ್ಮೆ ಹೆಣೆಯಿರಿ, ಅಷ್ಟೇ. ಪ್ರತಿ ಆರು ಸಾಲಿಗೊಮ್ಮೆ ಹೀಗೆ ಒಂದು ಸಾಲು ಜೋಡಿಯಾಗುತ್ತದೆ. ಇದು ನನಗೆ ಹೊಳೆದದ್ದು ನಾಲ್ಕನೆಯ ಹೊದಿಕೆಯಲ್ಲಿ; ಅಲ್ಲಿಯವರೆಗೆ ಹನ್ನೆರಡು ಸಾಲುಗಳ ಚೀಟಿಯೊಂದನ್ನು ಸೆರಗಿಗೆ ಪಿನ್ನು ಹಾಕಿಕೊಂಡು ಹೆಣೆಯುತ್ತಿದ್ದೆ. ನಾಲ್ಕು ಕುಣಿಕೆಗೆ ನಾಲ್ಕೇ ಸಾಲು ಏಕಲ್ಲವೆಂದರೆ, ಕುಣಿಕೆಯ ಅಗಲಕ್ಕಿಂತ ಎತ್ತರ ಕಡಿಮೆಯಿರುವುದರಿಂದ ನಾಲ್ಕು ಸಾಲಿನ ಚೌಕ ಚಪ್ಪಟೆಯಾಗಿ ಕಾಣುತ್ತದೆ. ಪಟ್ಟಿಗಳ ಒಟ್ಟು ಸಂಖ್ಯೆ ಬೆಸವಾಗಿದ್ದರೆ ಹೊದಿಕೆಯ ತಲೆ ಮತ್ತು ಬುಡ ಒಂದೇ ರೀತಿ ಕಾಣುತ್ತವೆ.

ಉಣ್ಣೆಯ ಅಂದಾಜಿನಲ್ಲಿ ಮಾತ್ರ ನೀವು ದೊಡ್ಡ ತಪ್ಪು ಮಾಡಿದ್ದೀರಿ. ಉಣ್ಣೆ ಖರ್ಚಾಗುವುದು ಉದ್ದಕ್ಕಲ್ಲ, ವಿಸ್ತೀರ್ಣಕ್ಕೆ. ಮಗುವಿನದು 6,750 ಚದರ ಸೆಂಟಿಮೀಟರ್, ಅಜ್ಜನದು 10,800, ಮಂಚದ್ದು 30,000. ಮಂಚದ್ದಕ್ಕೆ ಮಗುವಿನದರ ಎರಡರಷ್ಟಲ್ಲ, ನಾಲ್ಕೂವರೆಯಷ್ಟು ಬೇಕು. ಆ 20 ಸೆಂಟಿಮೀಟರ್ ತುಂಡನ್ನು ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ 400ರಿಂದ ಭಾಗಿಸಿ. ಉದಾಹರಣೆಗೆ ತುಂಡು 16 ಗ್ರಾಂ ತೂಗಿದರೆ ಚದರ ಸೆಂಟಿಮೀಟರಿಗೆ 0.04 ಗ್ರಾಂ ಆಗಿ, ಕ್ರಮವಾಗಿ 270, 432 ಮತ್ತು 1,200 ಗ್ರಾಂ ಬೇಕಾಗುತ್ತದೆ. ಅದರ ಮೇಲೆ ಹತ್ತನೆಯ ಒಂದು ಪಾಲು ಸೇರಿಸಿ, ಎಲ್ಲ ಉಂಡೆಗಳನ್ನೂ ಒಂದೇ ಸಲ, ಚೀಟಿಯ ಮೇಲಿನ ಬಣ್ಣದ ತಂಡದ ಸಂಖ್ಯೆ ಒಂದೇ ಇರುವಂತೆ ನೋಡಿ ಕೊಳ್ಳಿ. ಎರಡು ತಂಡದ ಬಿಳಿಗಳು ಅಂಗಡಿಯ ದೀಪದಲ್ಲಿ ಅವಳಿಗಳಂತಿದ್ದು, ಮನೆಯ ಅಂಗಳದ ಬೆಳಕಿನಲ್ಲಿ ಅಪರಿಚಿತರಾಗುತ್ತವೆ.

ಉತ್ತರ: ಹಳೆಯ ಕಡ್ಡಿ, ವಿರಾಜಪೇಟೆ

ಲೆಕ್ಕವೆಲ್ಲ ಸರಿಯಾಗಿದೆ. ಆದರೆ 268 ಕುಣಿಕೆಗಳನ್ನು ಒಂದೇ ಕಡ್ಡಿಗೆ ಏರಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಮ್ಮ ಪೇಟೆಗಳಲ್ಲಿ ಸಿಗುವ 35 ಸೆಂಟಿಮೀಟರಿನ ನೇರ ಕಡ್ಡಿಗೆ ಅಷ್ಟು ಕುಣಿಕೆ ಹಿಡಿಸುವುದೇ ಇಲ್ಲ. ತಂತಿಯಿರುವ ಉದ್ದನೆಯ ವೃತ್ತಾಕಾರದ ಕಡ್ಡಿ ತರಿಸಿಕೊಂಡರೂ, ಅರ್ಧ ಮುಗಿಯುವ ಹೊತ್ತಿಗೆ ಅರ್ಧ ಕಿಲೋಗೂ ಮಿಕ್ಕಿದ ಭಾರ ಮಡಿಲ ಮೇಲೆ ಬಿದ್ದಿರುತ್ತದೆ, ಸಾಲು ತಿರುಗಿಸುವಾಗಲೆಲ್ಲ ಇಡೀ ಹೊದಿಕೆಯನ್ನೇ ತಿರುಗಿಸಬೇಕಾಗುತ್ತದೆ. ನನ್ನ ಯಜಮಾನರು ಸೇನೆಯಲ್ಲಿದ್ದಾಗ ಪಠಾಣ್‌ಕೋಟೆ, ಅಂಬಾಲಾಗಳ ಚಳಿಗಾಲಗಳಲ್ಲಿ ನಾನು ಹೆಣಿಗೆ ಕಲಿತೆ. ಸೀದಾ, ಉಲ್ಟಾ ಎಂಬ ಮಾತುಗಳು ನನ್ನ ಬಾಯಿಗೆ ಅಂಟಿಕೊಂಡದ್ದೂ ಅಲ್ಲಿನ ನೆರೆಮನೆಯ ಹೆಂಗಸರಿಂದಲೇ. ಅವರು ದೊಡ್ಡ ಹೊದಿಕೆಗಳನ್ನು ಯಾವಾಗಲೂ ಪಟ್ಟೆಪಟ್ಟೆಯಾಗಿ ಹೆಣೆದು ಕೂಡಿಸುತ್ತಿದ್ದರು, ನಾನು ಇಂದಿಗೂ ಹಾಗೆಯೇ ಮಾಡುತ್ತೇನೆ.

ಸುಮಾರು 50 ಸೆಂಟಿಮೀಟರ್ ಅಗಲದ ಮೂರು ಪಟ್ಟೆಗಳು ಸಾಕು. ಅದೇ 18ರ ಲೆಕ್ಕದಲ್ಲಿ ಪ್ರತಿ ಪಟ್ಟೆಗೆ 92 ಕುಣಿಕೆ ಹಾಕಿದರೆ, ಮೂರೂ ಸೇರಿ 153 ಸೆಂಟಿಮೀಟರ್ ಆಗುತ್ತದೆ. ಪ್ರತಿ ಪಟ್ಟೆಗೂ ಎರಡು ಬದಿಗಳಲ್ಲಿ ನಾಲ್ಕು ಕುಣಿಕೆಯ ಸೀದಾ ಅಂಚನ್ನು ಇಟ್ಟುಕೊಳ್ಳಿ. ಕೂಡಿಸಿದಾಗ ಎರಡು ಅಂಚುಗಳು ಸೇರಿ ಎಂಟು ಕುಣಿಕೆಯ ಗೆರೆಯಾಗುತ್ತದೆ, ನೋಡಿದವರು ಅದನ್ನು ಬೇಕೆಂದೇ ಹಾಕಿದ ವಿನ್ಯಾಸವೆಂದು ತಿಳಿಯುತ್ತಾರೆ. ಒಂದು ಎಚ್ಚರಿಕೆ: ಪಟ್ಟೆಗಳ ಉದ್ದವನ್ನು ಟೇಪಿನಿಂದ ಸರಿಹೊಂದಿಸಲು ಹೋಗಬೇಡಿ. ಹೆಣೆದ ಬಟ್ಟೆಯನ್ನು ಎಳೆದಷ್ಟೂ ಉದ್ದವಾಗುವುದರಿಂದ ಟೇಪು ನಿಮಗೆ ಬೇಕಾದ ಉತ್ತರವನ್ನೇ ಕೊಡುತ್ತದೆ. ಚೌಕಗಳನ್ನು ಎಣಿಸಿ, ಮೂರರಲ್ಲೂ ಒಂದೇ ಸಂಖ್ಯೆ ಬರುವಂತೆ ನೋಡಿಕೊಳ್ಳಿ. ಕೂಡಿಸುವಾಗ ಎರಡು ಪಟ್ಟೆಗಳನ್ನು ಚಾಪೆಯ ಮೇಲೆ ಅಂಗಾತ ಹಾಸಿ, ಅಂಚಿನ ಏಣುಗಳನ್ನು ಒಂದಕ್ಕೊಂದು ಎದುರಾಗಿಸಿಕೊಂಡು, ಅದೇ ಉಣ್ಣೆಯಿಂದ ಸಡಿಲವಾಗಿ ಹೊಲಿಯಿರಿ.

ಈಗಾಗಲೇ ಹೆಣೆದಿರುವ ಆ ಗಟ್ಟಿ ತುಂಡನ್ನು ಬಿಚ್ಚಿ. ಮನಸ್ಸು ಒಪ್ಪುವುದಿಲ್ಲವೆಂದು ಬಲ್ಲೆ, ಆದರೂ ಬಿಚ್ಚಿ.

ಉತ್ತರ: ಮಳೆಕಾಡು, ಭಾಗಮಂಡಲ

ನೂಲಿನ ವಿಷಯವನ್ನು ಇಬ್ಬರೂ ಬಿಟ್ಟಿದ್ದಾರೆ. ನಮ್ಮ ಕಡೆಯ ಮಳೆಯಲ್ಲಿ ಬದುಕುವವರಿಗೆ ಅದೇ ಮುಖ್ಯ. ಅಂಗಡಿಯಲ್ಲಿ ಎಲ್ಲವನ್ನೂ ಉಲ್ಲನ್ ಎಂದೇ ಕರೆಯುತ್ತಾರೆ, ಆದರೆ ಅಗ್ಗದ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್. ಸಂಶಯವಿದ್ದರೆ ಒಂದೆರಡು ಅಂಗುಲದ ಎಳೆಯನ್ನು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ನೋಡಿ: ನಿಜವಾದ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ, ಅಕ್ರಿಲಿಕ್ ಆದರೆ ಕರಗಿ ಗಟ್ಟಿಯಾದ ಕರಿಮಣಿಯಾಗುತ್ತದೆ. ಬೆಂಕಿಯ ಹತ್ತಿರ ಕುಳಿತುಕೊಳ್ಳುವ ಅಭ್ಯಾಸ ನಿಮ್ಮ ಅಜ್ಜನಿಗಿದ್ದರೆ, ಅವರ ಹೊದಿಕೆಗೆ ಉಣ್ಣೆಯೇ ಆಗಬೇಕೆನ್ನುವುದಕ್ಕೆ ಇದೊಂದೇ ಕಾರಣ ಸಾಕು. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಎನಿಸುವುದಿಲ್ಲ, ಹಾಗಾಗಿ ಮಂಜು ಕವಿದ ಬೆಳಗುಗಳಲ್ಲಿ ಅದು ಬೆಚ್ಚಗೇ ಇರುತ್ತದೆ.

ಮಗುವಿನದು ಬೇರೆ ಮಾತು. ಅದನ್ನು ದಿನ ಬಿಟ್ಟು ದಿನ ಒಗೆಯಬೇಕಾಗುತ್ತದೆ, ಉಣ್ಣೆ ಬೇಗ ಒಣಗುವುದಿಲ್ಲ, ಬಿಸಿನೀರಿನಲ್ಲಿ ತಿಕ್ಕಿದರೆ ಕುಗ್ಗಿ ಕಂಬಳಿಯಂತೆ ಗಟ್ಟಿಯಾಗುತ್ತದೆ. ಮೃದುವಾದ ಅಕ್ರಿಲಿಕ್ಕನ್ನೇ ಆರಿಸಿ, ಆದರೆ ಅದರ ಮೇಲೆ ಬಿಸಿ ಇಸ್ತ್ರಿ ಇಡಬೇಡಿ, ಉಬ್ಬಿದ ಚೌಕಗಳೆಲ್ಲ ಚಪ್ಪಟೆಯಾಗಿ ಮತ್ತೆಂದೂ ಏಳುವುದಿಲ್ಲ. ಬುಟ್ಟಿ ಹೆಣಿಗೆಯಲ್ಲಿ ಮಗುವಿನ ಬೆರಳು ಸಿಕ್ಕಿಕೊಳ್ಳುವಂತಹ ತೂತುಗಳಿಲ್ಲದಿರುವುದು ಒಳ್ಳೆಯದೇ. ಹಾಗಿದ್ದರೂ ಒಂದು ವರ್ಷ ತುಂಬುವವರೆಗೆ ಮಗು ಮಲಗಿರುವ ತೊಟ್ಟಿಲಲ್ಲಿ ಯಾವ ಸಡಿಲ ಹೊದಿಕೆಯನ್ನೂ ಬಿಡಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ, ಮುಖ ಮುಚ್ಚಿಕೊಂಡರೆ ಸರಿಸಿಕೊಳ್ಳಲು ಕೂಸಿಗೆ ಬಾರದು. ಎಚ್ಚರವಿದ್ದಾಗ ಎತ್ತಿಕೊಳ್ಳುವುದಕ್ಕೆ, ಮಡಿಲಲ್ಲಿಟ್ಟುಕೊಳ್ಳುವುದಕ್ಕೆ, ನೆಲಕ್ಕೆ ಹಾಸುವುದಕ್ಕೆ ಅದನ್ನು ಬಳಸಲಿ. ಇದನ್ನು ಅಕ್ಕನಿಗೆ ಕೊಡುವಾಗಲೇ ಹೇಳಿಬಿಡಿ.

ದೊಡ್ಡದನ್ನು ಒಗೆದು ಹದ ಮಾಡುವ ಕೆಲಸವನ್ನು ಮಳೆ ಮುಗಿಯುವವರೆಗೆ ಮುಂದೂಡಿ. ಒದ್ದೆಯಾದ ಹೊದಿಕೆಯನ್ನು ಹಗ್ಗಕ್ಕೆ ನೇತುಹಾಕಿದರೆ ತನ್ನ ಭಾರಕ್ಕೆ ತಾನೇ ಜೋತುಬೀಳುತ್ತದೆ. ಕಾಫಿ ಹರಡುವ ಮೊದಲು ಕಣ ಖಾಲಿಯಿರುವಾಗ, ಅದನ್ನು ಗುಡಿಸಿ, ಹಳೆಯ ಬಿಳಿ ಪಂಚೆ ಹಾಸಿ, ಅದರ ಮೇಲೆ ಅಂಗೈಯಿಂದ ಸವರಿ ಚಚ್ಚೌಕ ಮಾಡಿ ಒಣಗಿಸಿ. ನಮ್ಮ ಮನೆಯ ಕಣದಲ್ಲಿ ಹೀಗೆ ಒಣಗಿಸಿದ್ದ ಹೊದಿಕೆಯ ಮೇಲೆ ನಾಯಿ ಮಲಗಿ ಎರಡನೆಯ ಸಲ ಒಗೆಯುವಂತಾಯಿತು, ಆದ್ದರಿಂದ ಕಾವಲಿಗೆ ಯಾರಾದರೂ ಇರಲಿ.

ಮರುನುಡಿ: ಕಾಫಿಹೂವು, ಸುಂಟಿಕೊಪ್ಪ

ಮೂವರಿಗೂ ಕೃತಜ್ಞತೆಗಳು. ಗಟ್ಟಿ ತುಂಡನ್ನು ಬಿಚ್ಚಿದೆ. ಪೇಟೆಯಲ್ಲಿ ಹುಡುಕಿದರೂ 6 ನಂಬರಿನ ಕಡ್ಡಿ ಸಿಗಲಿಲ್ಲ, 7 ನಂಬರಿನದು, ಅಂದರೆ 4.5 ಮಿಲಿಮೀಟರಿನದು, ಇತ್ತು. ಮೊದಲಾಗಿದ್ದರೆ ಬರಿಗೈಯಲ್ಲಿ ಹಿಂದಿರುಗುತ್ತಿದ್ದೆ. ಈ ಸಲ ಅದನ್ನೇ ತಂದು, ಎರಡು ಸಂಜೆಗಳಲ್ಲಿ ತುಂಡು ಹೆಣೆದು, ಒಗೆದು, ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಒಣಗಿಸಿ ಎಣಿಸಿದೆ: 10 ಸೆಂಟಿಮೀಟರಿಗೆ ಸರಿಯಾಗಿ 20 ಕುಣಿಕೆ. ಹಾಗಾಗಿ ಮಗುವಿನದಕ್ಕೆ 150ರ ಬದಲು 148, ಅಜ್ಜನದಕ್ಕೆ 180, ಮಂಚದ್ದಕ್ಕೆ 100 ಕುಣಿಕೆಗಳ ಮೂರು ಪಟ್ಟೆ. ಮೂರನ್ನೂ ಎಂಟರಿಂದ ಭಾಗಿಸಿ ನೋಡಿದೆ, ನಾಲ್ಕೇ ಉಳಿಯಿತು.

ಕಾಳುಮೆಣಸು ತೂಗುವ ತಕ್ಕಡಿಯಲ್ಲಿ ಇಷ್ಟು ಸಣ್ಣ ತೂಕ ತಿಳಿಯಲಿಲ್ಲ. ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ತುಂಡು 17 ಗ್ರಾಂ ತೂಗಿತು. ಮಗುವಿನ ಹೊದಿಕೆಗೆ 287 ಗ್ರಾಂ, ಹತ್ತನೆಯ ಪಾಲು ಸೇರಿದರೆ 316. ಮೂರು ಉಂಡೆ ಸಾಕೆಂದುಕೊಂಡಿದ್ದವಳು ನಾಲ್ಕು ತಂದಿದ್ದೇನೆ, ನಾಲ್ಕೂ ಒಂದೇ ತಂಡದವು. ನಿನ್ನೆ ರಾತ್ರಿ ಅಂಚಿನ ಎಂಟು ಸಾಲು ಮುಗಿಸಿ ಮೊದಲ ಪಟ್ಟಿ ಚೌಕಗಳಿಗೆ ಬಂದಿದ್ದೇನೆ. ಏಳನೆಯ ಸಾಲನ್ನು ಆರನೆಯದರಂತೆಯೇ ಹೆಣೆದಾಗ ಚೌಕಗಳು ತಾವಾಗಿಯೇ ಪಕ್ಕಕ್ಕೆ ಸರಿದದ್ದನ್ನು ಕಂಡು, ಅಜ್ಜನನ್ನು ಕರೆದು ತೋರಿಸಿದೆ. ಅವರು ತಮ್ಮದು ಯಾವಾಗ ಎಂದಷ್ಟೇ ಕೇಳಿದರು.