ಟೆಸರಾಕ್ಟ್ ಇಲ್ಲದ ಯಂತ್ರದಲ್ಲಿ ಪರೀಕ್ಷೆ ಸೋಲಬೇಕೇ?

ಪ್ರಶ್ನೆ (ಸರಸ್ವತಿಪುರಂ, ಮೈಸೂರು):
ಚಿತ್ರದಿಂದ ಕನ್ನಡ ಅಕ್ಷರ ಓದುವ ಪುಟ್ಟ ಪೈಥಾನ್ ತಂತ್ರಾಂಶ ಬರೆಯುತ್ತಿದ್ದೇನೆ. ಅದರ ಕೋಡ್ ಸರಿಯಿದೆಯೇ ಎಂದು ನೋಡುವ 41 ಪರೀಕ್ಷೆಗಳಲ್ಲಿ 9ಕ್ಕೆ ಟೆಸರಾಕ್ಟ್ (ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶ) ಬೇಕು. ಮಂಡ್ಯದಲ್ಲಿರುವ ತಂಗಿಯ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ನಿನ್ನೆ ರಾತ್ರಿ ತನ್ನ ಕೋಡೇ ಕೆಟ್ಟಿದೆ ಎಂದುಕೊಂಡು ಎರಡು ಗಂಟೆ ತಪ್ಪು ಹುಡುಕಿದ್ದಾಳೆ. ಕೇಳಿ ನನಗೆ ಸಂಕಟವಾಯಿತು. ಪೈಟೆಸ್ಟ್‌ನ ಇಂಪೋರ್ಟ್‌ಆರ್‌ಸ್ಕಿಪ್ (ಬೇಕಾದ ಪೈಥಾನ್ ಮಾಡ್ಯೂಲ್ ಸಿಗದಿದ್ದರೆ ಪರೀಕ್ಷೆಯನ್ನು ಬಿಟ್ಟುಬಿಡುವ ಸೌಲಭ್ಯ) ಹಾಕಿದ್ದೆ. ಆದರೂ ಏಕೆ ಸೋಲುತ್ತಿವೆ?

ಉತ್ತರ 1:
ಅದು ನೋಡುವುದು ಪೈಟೆಸರಾಕ್ಟ್ ಎಂಬ ಪೈಥಾನ್ ಹೊದಿಕೆಯನ್ನು (ಟೆಸರಾಕ್ಟನ್ನು ಪೈಥಾನಿನಿಂದ ಕರೆಯುವ ಕೋಡ್) ಮಾತ್ರ. ಹೊದಿಕೆ ಇದ್ದು ಒಳಗಿನ ಟೆಸರಾಕ್ಟ್ ಇಲ್ಲದಿದ್ದರೂ ಇಂಪೋರ್ಟ್ ಸಲೀಸಾಗಿ ಆಗುತ್ತದೆ. ಷಟಿಲ್‌ನ ವಿಚ್ (shutil.which) ಬಳಸಿ ಯಂತ್ರದಲ್ಲಿ ಟೆಸರಾಕ್ಟ್ ಇದೆಯೇ ಎಂದು ಹುಡುಕಿಸಿ, ಸಿಗದಿದ್ದರೆ ಪೈಟೆಸ್ಟ್‌ನ ಸ್ಕಿಪ್‌ಇಫ್ ಮೂಲಕ ಪರೀಕ್ಷೆ ಬಿಟ್ಟುಬಿಡಿ. ಕಾರಣವನ್ನು ಕನ್ನಡದಲ್ಲೇ ಬರೆಯಿರಿ, ತಂಗಿಗೆ ಓದಿದೊಡನೆ ತಿಳಿಯಲಿ.

ಉತ್ತರ 2 (ಮಂಡ್ಯ):
ಅಷ್ಟೇ ಸಾಲದು. ಟೆಸರಾಕ್ಟ್ ಇದ್ದೂ ಕನ್ನಡದ ಭಾಷಾ ಕಡತ ಇಲ್ಲದಿರಬಹುದು. ಅದನ್ನು ಬೇರೆಯಾಗಿಯೇ ಪರಿಶೀಲಿಸಿ. ಇನ್ನೊಂದನ್ನು ಕೈಮುಗಿದು ಹೇಳುತ್ತೇನೆ: ಬಿಡುಗಡೆಗೆ ಮುನ್ನ ಪರೀಕ್ಷೆ ನಡೆಸುವ ಸರ್ವರಿನಲ್ಲಿ ಬಿಟ್ಟುಬಿಡಲು ಅವಕಾಶ ಕೊಡಬೇಡಿ. ಅಲ್ಲಿ ಟೆಸರಾಕ್ಟ್ ಇಲ್ಲವೆಂದರೆ ಸೋಲಲೇಬೇಕು. ನಮ್ಮ ತಂಡದಲ್ಲಿ ಮೂರು ತಿಂಗಳು ಎಲ್ಲವೂ ಹಸಿರಾಗಿತ್ತು (ಯಾವ ಪರೀಕ್ಷೆಯೂ ಸೋತಂತೆ ಕಾಣಲಿಲ್ಲ), ಆದರೆ ಮುಖ್ಯ ಪರೀಕ್ಷೆಗಳು ಒಂದು ದಿನವೂ ಓಡಿರಲಿಲ್ಲ. ಸ್ಥಳೀಯವಾಗಿ ಓಡಿಸುವಾಗಲೂ ಪೈಟೆಸ್ಟ್‌ಗೆ ‘-ಆರ್‌ಎಸ್’ (-rs) ಕೊಡಿ, ಬಿಟ್ಟದ್ದರ ಕಾರಣಗಳು ಕೊನೆಯಲ್ಲಿ ಕಾಣುತ್ತವೆ.

ಪ್ರಶ್ನೆ ಕೇಳಿದವರು:
ಎರಡೂ ಮಾಡಿದೆ. ತಂಗಿಯ ಯಂತ್ರದಲ್ಲಿ 32 ಗೆದ್ದವು, 9 ಕಾರಣಸಹಿತ ಬಿಟ್ಟುಹೋದವು. ಸರ್ವರಿನಲ್ಲಿ ಮಾತ್ರ ಆ 9 ಸೋತವು. ಕನ್ನಡದ ಕಡತವನ್ನು ಅಲ್ಲಿ ನಾನೇ ಹಾಕಿರಲಿಲ್ಲ. ಈಗ ಹಾಕುತ್ತಿದ್ದೇನೆ.