ಅಪ್‌ಡೇಟ್: ಕಟ್ಟಿದ ಬಿಲ್ಲಿನ 'ಬಾಕಿ' ಕೊನೆಗೂ ಹೋಯ್ತು

ಎಂದೋ ಕಟ್ಟಿ ಮುಗಿಸಿದ ಫೋನ್ ಬಿಲ್ಲು ಅಮೆರಿಕದ ನನ್ನ ಕ್ರೆಡಿಟ್ ರಿಪೋರ್ಟಿನಲ್ಲಿ (ಸಾಲ, ಬಾಕಿಗಳ ದಾಖಲೆ) ವಸೂಲಿ ಏಜೆನ್ಸಿಯ ಬಾಕಿಯಾಗಿ ಕೂತಿದೆ, ತೆಗೆಸೋದು ಹೇಗೆ ಅಂತ ಇಲ್ಲಿ ಕೇಳಿದ್ದೆ ಅಲ್ವಾ? ಅಳಿಸಿದ್ದಾರೆ!

ಈ ರಿಪೋರ್ಟ್ ತಯಾರಿಸುವ ಕಂಪನಿಗೆ, ಅಂದ್ರೆ ಕ್ರೆಡಿಟ್ ಬ್ಯೂರೋಗೆ, ಆನ್‌ಲೈನ್‌ನಲ್ಲಿ ಬರೀ 'ಮಾಹಿತಿ ತಪ್ಪು' ಅಂತ ಟಿಕ್ ಹಾಕಿದ್ದಕ್ಕೆ 'ಪರಿಶೀಲಿಸಿದ್ದೇವೆ, ಸರಿಯಾಗಿದೆ' ಅಂದರು. ಏಜೆನ್ಸಿಗೆ ಫೋನ್ ಮಾಡಿದ್ದಂತೂ ಸುಮ್ನೆ ದಂಡ. ಕೆಲಸ ಮಾಡಿದ್ದು ಪುರಾವೆ ಇಟ್ಟು ಪತ್ರ ಬರೆಯಿರಿ ಅಂತ ನೀವು ಕೊಟ್ಟ ಸಲಹೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಬಿಲ್ಲು ಕಟ್ಟಿದ್ದನ್ನು ತೋರಿಸುವ ಆ ಒಂದು ಸಾಲಿಗೆ ಹಳದಿ ಬಳಿದು, ರಿಪೋರ್ಟಿನ ಪುಟದ ಜೊತೆ ಸರ್ಟಿಫೈಡ್ ಮೇಲ್‌ನಲ್ಲಿ (ಕಳಿಸಿದ್ದಕ್ಕೆ ರಸೀದಿ ಸಿಗುವ ಅಂಚೆ) ಬ್ಯೂರೋಗೂ ಏಜೆನ್ಸಿಗೂ ಕಳಿಸಿದೆ. ಬ್ಯೂರೋ ಸಾಮಾನ್ಯವಾಗಿ 30 ದಿನದೊಳಗೆ ತನಿಖೆ ಮುಗಿಸಬೇಕು. ನನ್ನದು 23ನೇ ದಿನಕ್ಕೇ ಮುಗಿಯಿತು.

ಗೊತ್ತೇ ಇರದ ಸಂಗತಿ: ಬಾಕಿಯನ್ನು ಇನ್ನೊಂದು ಏಜೆನ್ಸಿಗೆ ಮಾರಿದರೂ ಅದು ರಿಪೋರ್ಟಿನಲ್ಲಿ ಉಳಿಯಬಹುದಾದ 7 ವರ್ಷದ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ. ಮತ್ತೊಂದು ಬ್ಯೂರೋದಲ್ಲಿ ಅದೇ ತಪ್ಪು ಇನ್ನೂ ಇದೆ. ಅದಕ್ಕೂ ನಿನ್ನೆ ಪತ್ರ ಹಾಕಿದೆ.