ಹಳೆಯ ಡಬ್ಬಿಯಲ್ಲಿ ತರಕಾರಿ: ತೋಟಗಾರಿಕೆ ತಜ್ಞೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಮಳೆ ಹಿಂದೆ ಸರಿಯಿತು, ಹರಿವೆ ಬಿತ್ತುವ ಹೊತ್ತು. ಹಳೆಯ ಡಬ್ಬಿ, ಬಕೆಟ್, ಡ್ರಮ್ಮುಗಳನ್ನು ಕುಂಡವಾಗಿಸುವ ಬಗ್ಗೆ ಕೇಳಬಹುದು. ಕರಾವಳಿಯ ಮಣ್ಣು, ತರಕಾರಿಗಳ ಕೆಲಸ ಬಲ್ಲ ತೋಟಗಾರಿಕೆ ತಜ್ಞೆ ಉತ್ತರಿಸುತ್ತಾರೆ. ಹೆಸರಿನ ಬದಲು ಊರು ಬರೆಯಿರಿ.

ಕಂಕನಾಡಿ: 20 ಲೀಟರಿನ ಪೇಂಟ್ ಬಕೆಟ್‌ನಲ್ಲಿ ಗುಳ್ಳ ಬದನೆ ಬೆಳೆಯಬಹುದೇ?

ತಜ್ಞೆ: ನೀರಿನಲ್ಲಿ ಕಲಸುವ ಗೋಡೆ ಬಣ್ಣದ ಬಕೆಟ್ ಆದರೆ ಬೆಳೆಯಬಹುದು. ಒಣಗಿದ ಬಣ್ಣದ ಪೊರೆಯನ್ನು ಪೂರ್ತಿ ಸುಲಿದು ಸೋಪಿನಿಂದ ತೊಳೆಯಿರಿ. ತೈಲ ಬಣ್ಣ, ಥಿನ್ನರ್ ತುಂಬಿದ್ದ ಡಬ್ಬಿ ಬೇಡ. ತಳದಲ್ಲಿ ಕಿರುಬೆರಳು ತೂರುವಷ್ಟು ದೊಡ್ಡ ಐದಾರು ತೂತುಗಳಿರಲಿ. ಒಂದೇ ತೂತಿನ ಬಕೆಟ್ ನಮ್ಮ ಆಟಿಯ ಮಳೆಗೆ ಕೆರೆಯಾಗುತ್ತದೆ. ತಳಕ್ಕೆ ಜಲ್ಲಿ ಸುರಿಯಬೇಡಿ. ಅದರಿಂದ ನೀರು ಬೇಗ ಇಳಿಯುವುದಿಲ್ಲ, ಬೇರಿಗೆ ಸಿಗುವ ಮಣ್ಣು ಮಾತ್ರ ಕಡಿಮೆಯಾಗುತ್ತದೆ.

ಮಲ್ಪೆ: ಬಂದರಿನಲ್ಲಿ ಮೀನಿನ ಥರ್ಮೊಕೋಲ್ ಪೆಟ್ಟಿಗೆಗಳು ಬೇಕಾದಷ್ಟು ಸಿಗುತ್ತವೆ. ಉಪಯೋಗಿಸಬಹುದೇ?

ತಜ್ಞೆ: ಬಹುದು, ಆದರೆ ನನಗೆ ಮನಸ್ಸಿಲ್ಲ. ಬಿಸಿಲಿಗೆ ಅದರ ಮೈ ಪುಡಿಯಾಗುತ್ತದೆ. ಆ ಪುಡಿ ಮಳೆನೀರಿನೊಂದಿಗೆ ಚರಂಡಿಗೆ, ಅಲ್ಲಿಂದ ನಿಮ್ಮದೇ ಕಡಲಿಗೆ ಸೇರುತ್ತದೆ. ಉಪ್ಪಿನ ಪಸೆ ಹೋಗುವಂತೆ ತೊಳೆದು, ನೇರ ಬಿಸಿಲು ಬೀಳದಲ್ಲಿ ಪುದೀನ, ಒಂದೆಲಗ ಹಾಕಿಕೊಳ್ಳಿ. ಚಂದಕ್ಕೆಂದು ತೈಲ ಬಣ್ಣ ಬಳಿಯಬೇಡಿ, ಪೆಟ್ಟಿಗೆಯೇ ಕರಗುತ್ತದೆ.

ಮಣಿಪಾಲ: ನವಿಲುಗಳು ಬಂದು ಚಿಗುರನ್ನೆಲ್ಲ ತಿನ್ನುತ್ತಿವೆ. ಏನು ಮಾಡಬೇಕು?

ಬಂಟ್ವಾಳ: ಅಡಿಕೆ ತೋಟಕ್ಕೆ ಔಷಧ ಹೊಡೆದ 5 ಲೀಟರಿನ ಕ್ಯಾನ್‌ಗಳಿವೆ. ಮೂರು ಸಲ ತೊಳೆದಿದ್ದೇನೆ.

ತಜ್ಞೆ: ಬೇಡ. ಮೂರು ಸಲ ತೊಳೆಯುವುದು ವಿಲೇವಾರಿಗೆ, ಅಡುಗೆಗೆ ಬೆಳೆಯುವುದಕ್ಕಲ್ಲ. ತೂತು ಹೊಡೆದು, ಯಾರೂ ನೀರು ತುಂಬಿಸಿಕೊಳ್ಳದಂತೆ ಮಾಡಿ. ಹೂಗಿಡಕ್ಕೂ ಬೇಡ. ನಾಳೆ ಅದೇ ಮಣ್ಣಿಗೆ ಇನ್ಯಾರೋ ಮೆಣಸಿನ ಸಸಿ ನೆಡುತ್ತಾರೆ.

ಸುರತ್ಕಲ್: ಇನ್ವರ್ಟರಿನ ಹಳೆಯ ಬ್ಯಾಟರಿಯನ್ನು ಅಣ್ಣ ಮನೆಯಲ್ಲೇ ಕತ್ತರಿಸಿ, ಒಳಗಿನ ತಟ್ಟೆಗಳನ್ನು ಗುಜರಿಗೆ ಕೊಟ್ಟರು. ಪೆಟ್ಟಿಗೆ ಗಟ್ಟಿಯಾಗಿದೆಯೆಂದು ಹುಣಸೆಹುಳಿ ತಿಕ್ಕಿ ತೊಳೆದು ಬಸಳೆ, ಹರಿವೆ ಹಾಕಿದೆವು. ಎರಡು ತಿಂಗಳಿಂದ ಕೊಯ್ದು ಅಡುಗೆ ಮಾಡುತ್ತಿದ್ದೇವೆ. ಈಗ ಎಲೆ ಹಳದಿಯಾಗುತ್ತಿದೆ. ಮೂರು ವರ್ಷದ ಮಗುವಿಗೆ ಬಸಳೆ ಎಂದರೆ ಪ್ರಾಣ. ಯಾವ ಗೊಬ್ಬರ ಹಾಕಲಿ?

ತಜ್ಞೆ: ಗೊಬ್ಬರದ ಮಾತು ಬಿಡಿ. ಆ ಪೆಟ್ಟಿಗೆಯ ಒಂದು ಎಲೆಯನ್ನೂ ಇನ್ನು ತಿನ್ನಬೇಡಿ, ಕೊಯ್ದು ಇಟ್ಟದ್ದಿದ್ದರೆ ಅದನ್ನೂ ಬಿಸಾಡಿ. ಬ್ಯಾಟರಿಯೊಳಗೆ ಇರುವುದು ಸೀಸ ಮತ್ತು ಗಂಧಕಾಮ್ಲ. ತಟ್ಟೆಗಳನ್ನು ತೆಗೆದರೂ ಅವು ಉದುರಿಸಿದ ಬೂದಿ ಬಣ್ಣದ ಕೆಸರು ಪೆಟ್ಟಿಗೆಯ ಮೂಲೆಮೂಲೆಯಲ್ಲಿ ಉಳಿದಿರುತ್ತದೆ. ಹುಣಸೆಹುಳಿ ಹಿತ್ತಾಳೆಯನ್ನು ಬೆಳಗಬಹುದು, ಸೀಸದಿಂದ ಕಾಪಾಡುವುದಿಲ್ಲ. ಹುಳಿ ತಾಗಿದಾಗ ಸೀಸ ನೀರಿನಲ್ಲಿ ಇನ್ನಷ್ಟು ಕರಗಬಹುದು. ನಮ್ಮ ಮುರಕಲ್ಲಿನ ಕೆಂಪು ಮಣ್ಣಿಗೂ ಹುಳಿ ಗುಣವಿದೆ.

ಬೇರು ಎಳೆದುಕೊಳ್ಳುವ ಸೀಸ ಸ್ವಲ್ಪವಿರಬಹುದು. ಆದರೆ ನೆಲಕ್ಕೆ ಹತ್ತಿರದ ಹರಿವೆಯ ಎಲೆಗೆ ಅಂಟುವ ಮಣ್ಣೂ ಹೊಟ್ಟೆಗೆ ಹೋಗುತ್ತದೆ. ಬೇಯಿಸಿದರೆ ಸೀಸ ನಾಶವಾಗುವುದಿಲ್ಲ. ಮಕ್ಕಳ ಕರುಳು ದೊಡ್ಡವರಿಗಿಂತ ಹೆಚ್ಚು ಸೀಸವನ್ನು ಹೀರಿಕೊಳ್ಳುತ್ತದೆ, ಪೆಟ್ಟು ಬೀಳುವುದು ಬೆಳೆಯುತ್ತಿರುವ ಮಿದುಳಿಗೆ. ಇಷ್ಟಿದ್ದರೆ ಸುರಕ್ಷಿತ ಎನ್ನುವ ಮಟ್ಟವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗುವನ್ನು ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ದು, ನಡೆದುದನ್ನು ಮುಚ್ಚಿಡದೆ ಹೇಳಿ, ರಕ್ತದಲ್ಲಿನ ಸೀಸದ ಪರೀಕ್ಷೆ ಬೇಕೆಂದು ಕೇಳಿ. ಮಗು ಲವಲವಿಕೆಯಿಂದ ಇದೆ ಎಂದು ಸುಮ್ಮನಾಗಬೇಡಿ, ಲಕ್ಷಣ ಕಾಣದೆಯೂ ಸೀಸ ಏರಿರಬಹುದು. ಫಲಿತಾಂಶ 5 ಮೈಕ್ರೋಗ್ರಾಂ ಪ್ರತಿ ಡೆಸಿಲೀಟರ್ ಅಥವಾ ಹೆಚ್ಚಿದ್ದರೆ ಮೂಲವನ್ನು ಹುಡುಕಿ ತಪ್ಪಿಸಬೇಕೆಂಬುದು ಅದೇ ಸಂಸ್ಥೆಯ 2021ರ ಮಾರ್ಗಸೂಚಿ. ಮನೆಯಲ್ಲಿ ಬಸುರಿ, ಬಾಣಂತಿ ಇದ್ದರೆ ಅವರಿಗೂ ಪರೀಕ್ಷೆ ಆಗಲಿ, ಕತ್ತರಿಸಿದ ಅಣ್ಣನಿಗೂ.

ಕೈಗವಸು ಹಾಕಿ, ಗಿಡ ಮತ್ತು ಮಣ್ಣನ್ನು ದಪ್ಪ ಚೀಲದಲ್ಲಿ ಕಟ್ಟಿ, ಮೇಲೆ ಸೀಸ ಎಂದು ಬರೆದು ಬೇರೆ ಇಡಿ. ಅಪಾಯಕಾರಿ ತ್ಯಾಜ್ಯವೆಂದು ತಿಳಿಸಿ ನಗರಪಾಲಿಕೆಯನ್ನು ವಿಚಾರಿಸಿ. ತೋಟಕ್ಕೆ ಚೆಲ್ಲಬೇಡಿ, ಗೊಬ್ಬರದ ಗುಂಡಿಗೂ ಬೇಡ. ಪೆಟ್ಟಿಗೆ ಬ್ಯಾಟರಿ ಅಂಗಡಿಗೆ ಹೋಗಲಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಗಳನ್ನು ಹಿಂದೆ ಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಅದನ್ನು ಎಲ್ಲಿ ಕತ್ತರಿಸಿದಿರಿ, ತೊಳೆದ ನೀರು ಎಲ್ಲಿಗೆ ಹೋಯಿತು? ದಯವಿಟ್ಟು ಇವತ್ತೇ ತಿಳಿಸಿ.

ಕದ್ರಿ: ಹೆದರಬೇಡಿ ಅಕ್ಕ. ಕೊತ್ತಂಬರಿ ಸೊಪ್ಪಿನ ರಸ ಏಳು ದಿನ ಕುಡಿದರೆ ದೇಹದ ಸೀಸವೆಲ್ಲ ಹೊರಗೆ ಹೋಗುತ್ತದೆ ಎಂಬ ಸಂದೇಶ ನಮ್ಮ ಕುಟುಂಬದ ಬಳಗದಲ್ಲಿ ಬಂದಿತ್ತು.

ತಜ್ಞೆ: ಅದನ್ನು ಇಲ್ಲಿ ಹಂಚಬೇಡಿ. ಕೊತ್ತಂಬರಿ ಚಟ್ನಿಗೆ. ಮಗುವಿನ ರಕ್ತದಲ್ಲಿ ಸೀಸ ಹೆಚ್ಚಿದ್ದರೆ ಚಿಕಿತ್ಸೆಯನ್ನು ನಿರ್ಧರಿಸುವುದು ವೈದ್ಯರು. ಏಳು ದಿನ ರಸ ಕುಡಿಸುತ್ತಾ ಕುಳಿತರೆ ಆ ಏಳು ದಿನ ಹಾಳು.

ಕದ್ರಿ: ಒಳ್ಳೆಯದಕ್ಕೇ ಹೇಳಿದೆ. ಇಷ್ಟು ಗಡುಸಾಗಿ ಉತ್ತರಿಸಬೇಕಿರಲಿಲ್ಲ.

ಉರ್ವ: ಪೇಂಟ್ ಬಕೆಟ್ ಬಳಸಬಹುದೇ?

ತಜ್ಞೆ: ಮೇಲೆ ಇದೆ.

ಬಿಜೈ: 200 ಲೀಟರಿನ ನೀಲಿ ಡ್ರಮ್ಮನ್ನು ಸೀಳಿ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಇಟ್ಟಿದ್ದೇನೆ. ಇನ್ನೂ ನಾಲ್ಕು ತರುವವನಿದ್ದೇನೆ.

ತಜ್ಞೆ: ಡ್ರಮ್ಮಿನಲ್ಲಿ ಮೊದಲು ಏನಿತ್ತು? ಗೊತ್ತಿಲ್ಲದಿದ್ದರೆ ತರಬೇಡಿ. ಅರ್ಧ ಡ್ರಮ್ಮಿನ ನೆನೆದ ಮಣ್ಣು 150 ಕಿಲೋ ದಾಟುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ 875 ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಇಂಜಿನಿಯರ್‌ಗೆ ತೋರಿಸದೆ ಸಾಲಾಗಿ ಇಡಬೇಡಿ.

ಲಾಲ್‌ಬಾಗ್: ಇಂಥವರಿಂದಲೇ ನಮ್ಮ ಕಟ್ಟಡದ ಮೇಲಿನ ಮನೆಯ ಸೂರು ಸೋರುತ್ತಿದೆ. ತಾರಸಿ ಎಲ್ಲರದ್ದು. ಕೆಂಪು ನೀರು ಗೋಡೆಯ ಮೇಲೆ ಇಳಿದರೆ ಬಣ್ಣ ಬಳಿಸುವವರು ಯಾರು?

ಬಿಜೈ: ತೋಟ ಮಾಡುವವನನ್ನು ಕಳ್ಳನ ಹಾಗೆ ನೋಡಬೇಡಿ. ನಿಮ್ಮ ಕಟ್ಟಡದ ಸೋರಿಕೆಗೆ ನನ್ನ ಬೆಂಡೆ ಕಾರಣವೇ?

ಲಾಲ್‌ಬಾಗ್: ಬೆಂಡೆ ಅಂಗಡಿಯಲ್ಲಿ ಸಿಗುತ್ತದೆ, ತಾರಸಿಯ ಕಾಂಕ್ರೀಟ್ ಸಿಗುವುದಿಲ್ಲ.

ಬಿಜೈ: ಹಾಗಾದರೆ ತೋಟದ ಬಳಗದಲ್ಲಿ ನಿಮಗೇನು ಕೆಲಸ?

ನಿರ್ವಾಹಕರು: ಇಬ್ಬರೂ ನಿಲ್ಲಿಸಿ.

ಕಾಪು: ಹಳೆಯ ಟಯರ್ ನೇತುಹಾಕಿ ಹೂಗಿಡ ಬೆಳೆಸಿದ್ದೇನೆ. ಒಳಗೆ ನಿಂತ ನೀರಿಗೆ ಬಳಸಿದ ಎಂಜಿನ್ ಎಣ್ಣೆ ಹಾಕಿದರೆ ಸೊಳ್ಳೆ ಬರುವುದಿಲ್ಲ ಎನ್ನುತ್ತಾರೆ. ಎಷ್ಟು ಹಾಕಬೇಕು?

ತಜ್ಞೆ: ಒಂದು ಹನಿಯೂ ಬೇಡ. ನೀರು ನಿಲ್ಲುವ ಟಯರನ್ನೇ ಇಳಿಸಿ. ಡೆಂಗಿ ಹರಡುವ ಸೊಳ್ಳೆಗೆ ಟಯರಿಗಿಂತ ಒಳ್ಳೆಯ ತೊಟ್ಟಿಲು ಬೇಕಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನೀರು ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಉಳಿಯುತ್ತದೆ. ಕುಂಡದ ಕೆಳಗಿನ ತಟ್ಟೆಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ, ಉಜ್ಜಿ ತೊಳೆಯಿರಿ. ಡೆಂಗಿ, ಮಲೇರಿಯಾ ಎರಡನ್ನೂ ಕಂಡ ಊರಿನಲ್ಲಿ ಇದನ್ನು ಮತ್ತೆ ಮತ್ತೆ ಹೇಳಬೇಕಾಗಿರುವುದು ನನಗೆ ಬೇಸರ.

ಉಳ್ಳಾಲ: ತಳ ಹೋದ ಕುಕ್ಕರಿನಲ್ಲಿ ಶಂಕರಪುರ ಮಲ್ಲಿಗೆ ಬರುತ್ತದೆಯೇ?

ಕುಂಜತ್ತಬೈಲ್: ಪೇಂಟ್ ಡಬ್ಬಿಗೆ ಎಷ್ಟು ತೂತು?

ತಜ್ಞೆ: ಮೊದಲ ಉತ್ತರ ಓದಿ. ಓದದೆ ಕೇಳಬೇಡಿ.

ಕದ್ರಿ: ಕೇಳಲು ಕರೆದು ಕೇಳಿದವರಿಗೆ ಗದರಿಸುವುದು ಯಾವ ನ್ಯಾಯ?

ಸುರತ್ಕಲ್: ಮೇಡಂ, ಕತ್ತರಿಸಿದ್ದು ಬಾವಿಕಟ್ಟೆಯ ಪಕ್ಕದ ಚಪ್ಪಡಿಯ ಮೇಲೆ. ತೊಳೆದ ನೀರು ತೆಂಗಿನ ಬುಡಕ್ಕೆ ಹೋಗಿದೆ. ಮಗು ಅಲ್ಲೇ ಆಡುತ್ತದೆ. ನಾಳೆ ಬೆಳಿಗ್ಗೆ ವೈದ್ಯರಲ್ಲಿಗೆ ಹೋಗುತ್ತೇವೆ.

ತಜ್ಞೆ: ಮಗುವನ್ನು ಈಗಲೇ ಆ ಜಾಗದಿಂದ ದೂರ ಇಡಿ. ಚಪ್ಪಡಿಯನ್ನು ಗುಡಿಸಬೇಡಿ, ಧೂಳು ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಮಣ್ಣಿನ ಚೀಲಕ್ಕೇ ಹಾಕಿ. ಅಣ್ಣ ಅಂದು ತೊಟ್ಟ ಬಟ್ಟೆಯನ್ನು ಮಗುವಿನ ಬಟ್ಟೆಯೊಂದಿಗೆ ಒಗೆಯಬಾರದು. ಬಾವಿ ನೀರನ್ನು ಪ್ರಯೋಗಾಲಯಕ್ಕೆ ಕೊಡುವಾಗ ಸೀಸದ ಪರೀಕ್ಷೆ ಎಂದು ಹೆಸರು ಹೇಳಿಯೇ ಕೇಳಿ, ಇಲ್ಲದಿದ್ದರೆ ಅದನ್ನು ಬಿಟ್ಟು ಉಳಿದದ್ದನ್ನು ನೋಡಿ ಕಳುಹಿಸಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಕುದಿಸಿದರೆ ಸೀಸ ಹೋಗುವುದಿಲ್ಲ, ಹಾಗಾಗಿ ವರದಿ ಬರುವವರೆಗೆ ಕುಡಿಯಲು, ಅಡುಗೆಗೆ ಬೇರೆ ನೀರು ತನ್ನಿ. ರಕ್ತದ ವರದಿ ಬಂದ ಕೂಡಲೇ ಬರೆಯಿರಿ. ಉಳಿದವರ ಪ್ರಶ್ನೆಗಳನ್ನು ಇವತ್ತು ತೆಗೆದುಕೊಳ್ಳುವುದಿಲ್ಲ.